ಕೇಳಿದ್ದಾಯ್ತು

ಮೇಲ್ಮಹಡಿಯಿಂದ ಆ ಕಡತ ವಾಪಸು ಬಂದ ದಿನವೇ ವಿಚಾರಣಾಧಿಕಾರಿ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟ. ಆ ಹೆಂಗಸನ್ನು ಆ ಕುರ್ಚಿಯಿಂದ ಇಳಿಸಬೇಕು.

ಕಡತದಲ್ಲಿದ್ದದ್ದು ಪ್ರಪಂಚ ಮುಳುಗುವಂಥ ಸಂಗತಿಯೇನಲ್ಲ. ಶವ ಸಾಗಿಸುವ ವ್ಯಾನಿನ ಡ್ರೈವರೊಬ್ಬನಿಗೆ ಅತಿ ವೇಗಕ್ಕೆ ದಂಡ ಬಿದ್ದಿತ್ತು. ಆತ ತಕರಾರು ಅರ್ಜಿ ಹಿಡಿದು ಇವನ ಮುಂದೆ ಬಂದು ನಿಂತಿದ್ದ. ಎತ್ತರದ ಆಳು, ಗಟ್ಟಿ ಗಂಟಲು, ಎಲ್ಲಿ ನಿಂತರೂ ಸ್ಮಶಾನದ ಗೇಟು ತೆಗೆಸುವವನ ಹಾಗೆ ಕೂಗಿಯೇ ಮಾತಾಡುವ ಜಾತಿ.

"ಸಾಹೇಬ್ರೇ, ಅದು ನನ್ನ ಗಾಡಿನೇ ಅಲ್ಲ. ಯಾರದೋ ಪ್ಲೇಟಿಗೆ ಕೆಸರು ಮೆತ್ಕೊಂಡು ಮೂರು ಹೋಗಿ ಎಂಟಾಗಿದೆ. ಪೂರ್ತಿ ಫೋಟೋ ತೋರಿಸಿ. ನನ್ನ ಗಾಡಿ ನೆತ್ತಿ ಮೇಲೆ 'ಅಂತಿಮ ಯಾತ್ರೆ' ಅಂತ ಮಾರುದ್ದ ಬರೆದಿದೆ. ಅದು ಕಂಡ್ರೆ ಇಲ್ಲೇ ದಂಡ ಕಟ್ಟಿ ಹೋಗ್ತೀನಿ."

"ಹೆಣದ ಫೋಟೋ ಬೇಕೇನಯ್ಯಾ ನಿನಗೆ? ಗೋಡೆಗೆ ತೂಗು ಹಾಕ್ಕೊಳ್ತೀಯಾ?" ಎಂದಿದ್ದ ವಿಚಾರಣಾಧಿಕಾರಿ. "ಅದಿರಲಿ, ಹೆಣಕ್ಕೆ ಅಷ್ಟೊಂದು ಏನು ಅವಸರ?"

ಬೆಂಚಿನ ಮೇಲೆ ಸರದಿಗಾಗಿ ಕಾದಿದ್ದವರೆಲ್ಲ ನಕ್ಕಿದ್ದರು. ತಮ್ಮ ಸರದಿ ಬರುವ ತನಕ ಎಲ್ಲರಿಗೂ ನಗು ಬರುತ್ತದೆ. ಡ್ರೈವರ್ ಇನ್ನೂ ಬಾಯಿ ತೆರೆದೇ ಇದ್ದ. ಇವನು "ಕೇಳಿದ್ದಾಯ್ತು" ಎಂದು 'ತಿರಸ್ಕೃತ' ಎಂಬ ಮೊಹರನ್ನು ಎತ್ತಿ ಕುಕ್ಕಿದ್ದ.

'ಕೇಳಿದ್ದಾಯ್ತು' ಅವನ ತಾರಕಮಂತ್ರ. ಕಚೇರಿಯಲ್ಲಿ ಅವನನ್ನು ಎಲ್ಲರೂ ಬೆನ್ನ ಹಿಂದೆ ಕರೆಯುವುದೇ ಹಾಗೆ: "ಕೇಳಿದ್ದಾಯ್ತು ಸಾಹೇಬರು ಬಂದ್ರಾ?" ಮನೆಯಲ್ಲಿ ಹೆಂಡತಿಗೂ ಅದೇ ಪ್ರಸಾದ. "ರೀ, ನಲ್ಲಿ ಸೋರ್ತಿದೆ ಅಂದ್ರೂ ಕೇಳಿದ್ದಾಯ್ತು, ಜ್ವರ ಬಂದಿದೆ ಅಂದ್ರೂ ಕೇಳಿದ್ದಾಯ್ತು. ಒಂದ್ಸಲನಾದ್ರೂ ಕೇಳಿಸ್ಕೊಂಡು ಹೇಳ್ರೀ," ಎಂದು ಅವಳು ಗೊಣಗುತ್ತಿದ್ದಳು. ಅದನ್ನೂ ಅವನು ಕೇಳಿಸಿಕೊಂಡಿರಲಿಲ್ಲ.

ಈಗ ಆ ಶವದ ವ್ಯಾನಿನವನ ಕಡತದ ಮೇಲೆ ಮೇಲ್ಮಹಡಿಯಾಕೆ ಹಸಿರು ಶಾಯಿಯಲ್ಲಿ ಬರೆದಿದ್ದಳು: 'ಆದೇಶ ರದ್ದು. ಅರ್ಜಿದಾರನನ್ನು ಮತ್ತೊಮ್ಮೆ ಕೇಳತಕ್ಕದ್ದು.' ಅದರ ಕೆಳಗೆ ಇನ್ನೂ ಅರ್ಧ ಪುಟ ಏನೇನೋ ಸೂಚನೆಗಳಿದ್ದವು. ಅವನು ಓದಲಿಲ್ಲ. ಮೊದಲ ಸಾಲಿಗೇ ಅವನ ಕಿವಿ ಕೆಂಪಗಾಗಿತ್ತು. ಕಾಗದವನ್ನು ಮಡಚಿ ಚಹಾ ಫ್ಲಾಸ್ಕಿನ ಅಡಿಗೆ ಇಟ್ಟ. ಫ್ಲಾಸ್ಕಿನ ತಳ ಯಾವಾಗಲೂ ಒದ್ದೆ, ಮೇಜಿಗೆ ಕಲೆಯಾಗುತ್ತಿತ್ತು. ಅಷ್ಟರ ಮಟ್ಟಿಗೆ ಆಕೆಯ ಕಾನೂನು ಉಪಯೋಗಕ್ಕೆ ಬಂತು.

ಆ ಕುರ್ಚಿ ನ್ಯಾಯವಾಗಿ ತನ್ನದು ಎಂದು ಅವನು ನಂಬಿದ್ದ. ಮೇಲ್ಮನವಿ ಅಧಿಕಾರಿಯ ಕೋಣೆಗೆ ಎರಡು ಕಿಟಕಿ, ತಿರುಗುವ ಕುರ್ಚಿ, ಬಾಗಿಲಲ್ಲಿ ಒಬ್ಬ ಜವಾನ. ಹಿಂದಿನವರು ನಿವೃತ್ತರಾಗುವ ಹೊತ್ತಿಗೆ ಇವನು ಕಿಟಕಿಗೆ ಯಾವ ಬಣ್ಣದ ಪರದೆ ಎಂಬುದನ್ನೂ ಆರಿಸಿಟ್ಟುಕೊಂಡಿದ್ದ. ಎಲ್ಲಿಂದಲೋ ಈಕೆ ಬಂದು ಕೂತಳು. ಇವನಿಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವಳು. ಬಂದವಳು ಸುಮ್ಮನಿದ್ದಳೇ? ಇವನು ತಳ್ಳಿಹಾಕಿದ ಅರ್ಜಿಗಳನ್ನು ಒಂದೊಂದಾಗಿ ಮೇಲಕ್ಕೆ ತರಿಸಿಕೊಂಡು, ಕಲ್ಲು ಆರಿಸುವವಳ ಹಾಗೆ ತಾಳ್ಮೆಯಿಂದ ಓದಿ, ಒಂದೊಂದಾಗಿ ವಾಪಸು ಕಳಿಸತೊಡಗಿದಳು. ಕೇಳಿಲ್ಲ, ಕೇಳಿ. ಕೇಳಿಲ್ಲ, ಕೇಳಿ. ವರ್ಷಾಂತ್ಯದಲ್ಲಿ ಇವನ ಕೆಲಸದ ಬಗ್ಗೆ ವರದಿ ಬರೆಯುವವಳೂ ಅವಳೇ. ವರದಿ ಕೆಟ್ಟದಾದರೆ ಇವನಿಗೆ ಉಳಿಯುವ ಜಾಗ ಇಲಾಖೆಯ ಉಗ್ರಾಣ ಒಂದೇ. ಸವೆದ ಟೈರು, ತುಕ್ಕಿನ ಕಬ್ಬಿಣ, ಇಲಿಗಳು. ಟೈರಿಗೆ 'ಕೇಳಿದ್ದಾಯ್ತು' ಎಂದರೆ ಯಾರೂ ಹೆದರುವುದಿಲ್ಲ.

ಹೇಗೆ ಇಳಿಸುವುದು ಎಂಬುದಕ್ಕೆ ದಾರಿ ತೋರಿಸಿದವಳೂ ಆಕೆಯೇ. ಅದನ್ನು ನೆನೆದಾಗಲೆಲ್ಲ ಅವನಿಗೆ ಮೀಸೆಯಡಿ ನಗು ಬರುತ್ತಿತ್ತು.

ಒಂದು ಸಂಜೆ ಕಚೇರಿಯ ಹಿಂದೆ ವಾಹನ ನಿಲ್ಲಿಸುವ ಜಾಗದಲ್ಲಿ ಯಾರೋ ತನ್ನ ಕಾರಿನ ಬಾಗಿಲಿಗೆ ಕೀಲಿ ಹಾಕಿ ತಿರುಗಿಸುತ್ತಿರುವುದು ಕಂಡು ಅವನು ಓಡಿಹೋದ. ನೋಡಿದರೆ ಮೇಲ್ಮಹಡಿಯಾಕೆ.

"ಅಯ್ಯೋ, ತಪ್ಪಾಯ್ತು. ನನ್ನದು ಅಂತ ತಿಳ್ಕೊಂಡೆ," ಎಂದು ಆಕೆ ನಕ್ಕಳು. "ನೋಡಿ, ನಿಮ್ಮದೂ ನನ್ನದೂ ಅವಳಿ ಜವಳಿ. ಬಣ್ಣ ಒಂದೇ, ಮಾಡೆಲ್ ಒಂದೇ. ನಂಬರ್ ನೋಡದಿದ್ರೆ ಯಾವುದು ಯಾರದು ಅಂತ ದೇವರಿಗೂ ಗೊತ್ತಾಗಲ್ಲ."

"ಪರವಾಗಿಲ್ಲ ಮೇಡಂ," ಎಂದ ಅವನು.

ಪಕ್ಕದಲ್ಲೇ ನಿಂತಿತ್ತು ಆಕೆಯ ಬಿಳಿ ಕಾರು. ಅವನು ಎರಡನ್ನೂ ಬಹಳ ಹೊತ್ತು ನೋಡುತ್ತ ನಿಂತ. ನಂಬರ್ ನೋಡದಿದ್ದರೆ ದೇವರಿಗೂ ಗೊತ್ತಾಗುವುದಿಲ್ಲ. ನಂಬರ್ ಮಾತ್ರ ನೋಡಿದರೆ?

ನಂಬರ್ ಮಾತ್ರ ನೋಡುವವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರ ರಸ್ತೆಗಳಲ್ಲಿ ಕಂಬದ ಮೇಲೆ ಕೂತಿರುವ ಕ್ಯಾಮೆರಾ. ಅದರ ಮೇಲೆ ಅವನಿಗೆ ಅಪಾರ ಗೌರವ. ಪೊಲೀಸರ ಹಾಗೆ ಅದು ಬೀಡಿ ಸೇದಲು ಹೋಗುವುದಿಲ್ಲ, ಅತ್ತರೆ ಕರಗುವುದಿಲ್ಲ. ಪ್ರತಿ ನೋಟಿಸಿನ ಮೂಲೆಯಲ್ಲಿ ಎರಡು ಬೆರಳಗಲದ ಒಂದು ಚಿತ್ರ ಅಚ್ಚಾಗಿರುತ್ತಿತ್ತು. ನಂಬರ್ ಪ್ಲೇಟು, ಅದರ ಸುತ್ತ ಒಂದಿಷ್ಟು ಬಂಪರು, ಅಷ್ಟೇ. ಇಷ್ಟು ವರ್ಷ ಅವನು ನೋಡಿದ ಸಾಕ್ಷಿಯೆಂದರೆ ಅದೊಂದೇ, ಸಾವಿರಾರು ಸಲ. ಕ್ಯಾಮೆರಾಕ್ಕೆ ಮುಖ ಬೇಡ, ಹೆಸರು ಬೇಡ, ಮನೆಯ ಕಷ್ಟ ಸುಖ ಬೇಡ, ನಂಬರ್ ಸಾಕು. ಅದೂ ತಾನೂ ಒಂದೇ ಮನೆಯಲ್ಲಿ ಹುಟ್ಟಬೇಕಾಗಿತ್ತು ಎಂದು ಅವನಿಗೆ ಅನಿಸುವುದಿತ್ತು.

ಮುಂದಿನದೆಲ್ಲ ಇಳಿಜಾರಿನಲ್ಲಿ ನೀರು ಹರಿದಂತೆ ಹರಿಯಿತು. ನೋಟಿಸು ಹೋಗುವುದು ಕಾರು ನೋಂದಣಿಯಾದ ವಿಳಾಸಕ್ಕೆ. ಆಕೆ ಆ ಬಾಡಿಗೆ ಮನೆ ಬಿಟ್ಟು ಊರ ಇನ್ನೊಂದು ತುದಿಯಲ್ಲಿ ಅಕ್ಕನ ಜೊತೆ ಇದ್ದಾಳೆ, ವಿಳಾಸ ಬದಲಾಯಿಸಲು ಇನ್ನೂ ಪುರಸೊತ್ತಾಗಿಲ್ಲ. ಇದನ್ನು ಆಕೆ ಜವಾನನಿಗೆ ಹೇಳುತ್ತಿದ್ದಾಗ ಮೆಟ್ಟಿಲ ತಿರುವಿನಲ್ಲಿ ಇವನ ಕಿವಿಗೆ ಬಿದ್ದಿತ್ತು. ಬೇರೆಯವರ ಮಾತನ್ನು ಅವನು ಗಮನವಿಟ್ಟು ಕೇಳಿದ್ದು ಅದೊಂದೇ ಸಲ ಇರಬೇಕು. ನೋಟಿಸು ಬೀಗದ ಬಾಗಿಲಿನಡಿ ತೂರಿಕೊಳ್ಳುತ್ತದೆ. ತೂರಿತೋ, ಮುಟ್ಟಿದ ಹಾಗೆ ಲೆಕ್ಕ. ಗಡುವಿನೊಳಗೆ ತಕರಾರು ಬರದಿದ್ದರೆ ತಪ್ಪೊಪ್ಪಿಕೊಂಡ ಹಾಗೆ ಲೆಕ್ಕ. ಅಂಥ ಮೂರು ದಂಡ ಖಾಯಂ ಆದರೆ ಲೈಸೆನ್ಸು ಅಮಾನತು. ಲೈಸೆನ್ಸು ಅಮಾನತಾದವರು ಮೇಲ್ಮನವಿ ಕುರ್ಚಿಯಲ್ಲಿ ಕೂರುವಂತಿಲ್ಲ. ನಿಯಮ ಪುಸ್ತಕದಲ್ಲಿ ಅದು ಕಪ್ಪಗೆ ಅಚ್ಚಾಗಿದೆ.

ದಂಡ ಖಾಯಂ ಮಾಡುವವನು ಯಾರು? ತಾನೇ.

ಉಳಿದ ಅಪರಾಧಿಗಳನ್ನು ನೆನೆದು ಅವನಿಗೆ ಕನಿಕರ ಬಂತು. ಪಾಪ, ಗುರುತು ಅಳಿಸಲು ಎಷ್ಟು ಹೆಣಗುತ್ತಾರೆ! ತಾನು ಆ ಹೊತ್ತಿನಲ್ಲಿ ಬೇರೆಲ್ಲೋ ಇದ್ದೆ ಎಂದು ತೋರಿಸಲು ಎಷ್ಟು ಸುಳ್ಳು ಪೋಣಿಸುತ್ತಾರೆ! ಇವನ ಕೆಲಸದಲ್ಲಿ ಅದೊಂದೂ ಬೇಕಿರಲಿಲ್ಲ. ಆಕೆ ಅಂದು ಎಲ್ಲೇ ಇರಲಿ, ಆಸ್ಪತ್ರೆಯ ಹಾಸಿಗೆಯ ಮೇಲಿರಲಿ, ಹೇಳಲು ಅವಳಿಗೆ ಜಾಗವೆಲ್ಲಿ? ಅವಳ ಮಾತು ಕೇಳುವ ಕಿವಿಯೆಲ್ಲಿ? ಆ ಬಾಗಿಲಿನ ಚಿಲಕವೇ ತಾನು.

ಆಕೆಯ ನಂಬರಿನ ಪ್ಲೇಟು ಮಾಡಿಸಲು ಅವನು ತನ್ನನ್ನು ಯಾರೂ ಅರಿಯದ ಬಡಾವಣೆಯೊಂದಕ್ಕೆ ಹೋದ. ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ಪ್ಲೇಟಿನವನು ತಲೆ ಎತ್ತಲಿಲ್ಲ.

"ಹಳೇದು ಏನಾಯ್ತು?"

"ಗೇಟಿಗೆ ತಾಗಿ ಮುರಿದೋಯ್ತು."

"ಮುಂದಿಂದಾ, ಹಿಂದಿಂದಾ?"

"ಎರಡೂ."

"ಒಂದೇ ಗೇಟು, ಎರಡು ಪ್ಲೇಟು. ಭಾರಿ ಗೇಟು ಕಣಣ್ಣಾ ನಿಮ್ದು," ಎಂದು ಆತ ಅಕ್ಷರ ಅಂಟಿಸತೊಡಗಿದ. ಕಾಗದ ಪತ್ರ ಕೇಳಲೇ ಇಲ್ಲ. ವಿಚಾರಣಾಧಿಕಾರಿಗೆ ಒಂದು ಗಳಿಗೆ ಸಿಟ್ಟೇ ಬಂತು. ನಿಯಮ ಪಾಲಿಸುವವರೇ ಇಲ್ಲವಲ್ಲ ಈ ದೇಶದಲ್ಲಿ!

ತಯಾರಿಯಲ್ಲಿ ಅವನು ಎಳ್ಳಷ್ಟೂ ಸಡಿಲ ಬಿಡಲಿಲ್ಲ. ತನ್ನ ಬಂಪರಿನ ಎಡಮೂಲೆಯಲ್ಲಿ ಒಂದು ಗೀರು ಇತ್ತು, ಆಕೆಯದರಲ್ಲಿ ಇರಲಿಲ್ಲ. ಆ ಎರಡು ಬೆರಳಗಲದ ಚಿತ್ರದಲ್ಲಿ ಅದು ಕಂಡರೂ ಕಾಣಬಹುದು. ಬಿಳಿ ಬಣ್ಣ ತಂದು ತಾನೇ ಕೂತು ಬಳಿದ. ಆಕೆಯ ಪ್ಲೇಟಿನ ಬಲಗಡೆಯ ಸ್ಕ್ರೂ ತುಕ್ಕು ಹಿಡಿದಿತ್ತು. ಇವನೂ ಹುಡುಕಿ ಹುಡುಕಿ ತುಕ್ಕಿನ ಸ್ಕ್ರೂ ಒಂದನ್ನೇ ಹಾಕಿದ. ಕಾರು ತೊಳೆಯುತ್ತ, ಒರೆಸುತ್ತ, ಮೊಣಕಾಲೂರಿ ಬಂಪರಿಗೆ ಕಣ್ಣು ಹಚ್ಚಿ ಕೂತ ಗಂಡನನ್ನು ನೋಡಿ ಹೆಂಡತಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು, ನಲ್ಲಿ ರಿಪೇರಿಗೆ ಇಲ್ಲದ ಪ್ರೀತಿ ಕಾರಿನ ಮೇಲೆ? ಮದುವೆಗೇನಾದ್ರೂ ಕಳಿಸ್ತಿದ್ದೀರಾ?"

"ಕೇಳಿದ್ದಾಯ್ತು," ಎಂದ ಅವನು, ಬ್ರಶ್ಶು ಅದ್ದುತ್ತ.

ರಜಾದಿನದ ಬೆಳಿಗ್ಗೆ ಹಳೇ ಗೋದಾಮುಗಳ ಬೀದಿಯಲ್ಲಿ ನಾಯಿಗಳ ಹೊರತು ಯಾರೂ ಇರುವುದಿಲ್ಲ. ಅಲ್ಲಿ ಪ್ಲೇಟು ಬದಲಾಯಿಸಿಕೊಂಡು ಅವನು ಹೊರಟ. ಮೊದಲನೆಯ ಕಂಬ ಇದ್ದದ್ದು ಸೇತುವೆಯ ಇಳಿಜಾರಿನಲ್ಲಿ. ಬದುಕಿನಲ್ಲಿ ಒಂದು ಸಲವೂ ವೇಗಮಿತಿ ದಾಟಿದವನಲ್ಲ, ಮೊದಲು ಕಾಲು ಒತ್ತಲು ಒಪ್ಪಲೇ ಇಲ್ಲ, ಕೊನೆಗೆ ಬಲವಂತವಾಗಿ ಒತ್ತಿದ. ಕಂಬದ ಮೇಲೆ ಬಿಳಿಯ ಮಿಂಚೊಂದು ಹೊಳೆದು ಆರಿತು. ಅಷ್ಟೇ. ಆಕಾಶ ಬೀಳಲಿಲ್ಲ, ಯಾರೂ ಸೀಟಿ ಊದಲಿಲ್ಲ.

ಮತ್ತೊಂದು ರಜೆಯಲ್ಲಿ ಎರಡನೆಯ ಕಂಬ, ಕೆಂಪು ದೀಪದ ಸಿಗ್ನಲ್ಲಿನದು. ಆ ಹೊತ್ತಿಗೆ ಅವನಿಗೆ ಕೈ ಪಳಗಿತ್ತು. ದೀಪ ಕೆಂಪಾಗುವುದನ್ನೇ ಕಾದು, ರಸ್ತೆ ಖಾಲಿಯಿದೆಯೆಂದು ನೋಡಿ, ಎಲೆ ಹಾಸಿದ ಕಡೆಗೆ ಹೊರಟ ನೆಂಟನ ಹಾಗೆ ನಿಧಾನವಾಗಿ ದಾಟಿದ. ಇಷ್ಟು ವರ್ಷ ಜನ ಏನು ಮಾಡಿ ತನ್ನ ಮುಂದೆ ಬಂದು ಗೋಗರೆಯುತ್ತಿದ್ದರೋ ಅದರ ಸುಖ ಈಗ ಅರ್ಥವಾಯಿತು.

ಮೂರನೆಯದು ದೊಡ್ಡ ಆಸ್ಪತ್ರೆಯ ಎದುರಿನ ರಸ್ತೆ. ಅಲ್ಲಿ ದಂಡ ಹೆಚ್ಚು, ಅಪಮಾನವೂ ಹೆಚ್ಚು. ರೋಗಿಗಳ ಮುಂದೆ ಶರವೇಗದಲ್ಲಿ ಕಾರು ಓಡಿಸಿದ ಮೇಲ್ಮನವಿ ಅಧಿಕಾರಿ! ಕಿಟಕಿಯ ಗಾಜು ಇಳಿಸಿಕೊಂಡು, ಹಳೆಯ ಹಾಡೊಂದನ್ನು ಗುನುಗುತ್ತ ಅವನು ಹೋದ. ಎಳೆಬಿಸಿಲು ಮುಖಕ್ಕೆ ಹಿತವಾಗಿತ್ತು. ಕಂಬ ಹತ್ತಿರವಾದಾಗ ಆ ತಿರುಗು ಕುರ್ಚಿ, ಆ ಎರಡು ಕಿಟಕಿ, ಹಸಿರು ಶಾಯಿ ಎಲ್ಲ ಒಟ್ಟಿಗೆ ನೆನಪಾಗಿ, ಎಂಥ ಗಂಭೀರ ಮನುಷ್ಯನಿಗೂ ಒಳಗೊಂದು ತುಂಟತನ ಉಳಿದಿರುತ್ತದಲ್ಲ, ಅದು ಉಕ್ಕಿ ಬಂತು. ಕಂಬದ ಕಡೆಗೆ ನಾಲಿಗೆ ಚಾಚಿ, ಕಣ್ಣು ಅಗಲಿಸಿ, ಶಾಲೆಯ ಪೋರನಂತೆ ಅಣಕಿಸಿಬಿಟ್ಟ. ಮಿಂಚು ಹೊಳೆಯಿತು. ಆಮೇಲೆ ತನಗೇ ನಾಚಿಕೆಯಾಗಿ ಮೀಸೆ ಸರಿಮಾಡಿಕೊಂಡು ವೇಗ ಇಳಿಸಿದ.

ಪ್ಲೇಟುಗಳನ್ನು ತುಂಡು ಮಾಡಿ ನದಿಗೆ ಎಸೆದಾಯಿತು. ಇನ್ನು ಉಳಿದದ್ದು ಕಾಯುವುದು. ಅದು ಅವನು ಬೇರೆಯವರಿಂದ ಮಾಡಿಸುತ್ತ ಬಂದ ಕೆಲಸ. ಈ ಸಲ ತಾನೇ ಮಾಡಿದ, ಸಂತೋಷವಾಗಿ.

ಮೊದಲ ನೋಟಿಸಿನ ಗಡುವಿನ ಕೊನೆಯ ದಿನ ಮೇಜಿನ ಮೇಲೆ ತಕರಾರು ಅರ್ಜಿಗಳ ನಡುವೆ ಒಂದು ಪರಿಚಿತ ಹಸಿರು ಶಾಯಿ ಕಂಡು ಅವನು ಎದ್ದು ನಿಂತ.

ಹೊರಗೆ ಇಣುಕಿದ. ಹೌದು, ಆಕೆಯೇ. ಜವಾನನಿಲ್ಲ, ಕಡತವಿಲ್ಲ. ಎಲ್ಲರಂತೆ ಟೋಕನ್ ತೆಗೆದುಕೊಂಡು ಬೆಂಚಿನ ತುದಿಯಲ್ಲಿ ಮೂರು ಲಕೋಟೆ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಮರುವಿಚಾರಣೆಗೆ ಬಂದಿದ್ದ ಶವದ ವ್ಯಾನಿನವನು ಕೂತು ಗಟ್ಟಿಯಾಗಿ ಮಾತಾಡಿಸುತ್ತಿದ್ದ.

"ನಿಮ್ಮದೂ ವೇಗದ ಕೇಸಾ ಅಕ್ಕಾ?"

"ಹೌದಂತೆ. ಹಳೇ ಮನೆ ಓನರಮ್ಮ ತರಕಾರಿ ಚೀಲದಲ್ಲಿ ಹಾಕ್ಕೊಂಡು ತಂದುಕೊಟ್ರು. ಇಲ್ಲದಿದ್ರೆ ನನಗೆ ಗೊತ್ತೂ ಆಗ್ತಿರಲಿಲ್ಲ."

"ಒಳಗಿರೋ ಸಾಹೇಬ್ರು ಭಾರಿ ಚುರುಕು. ನೀವು ಬಾಯಿ ತೆಗೆಯೋಕೆ ಮುಂಚೆ ಅವರು ಕೇಳಿ ಮುಗಿಸಿರ್ತಾರೆ."

ಓನರಮ್ಮ! ತರಕಾರಿ ಚೀಲ! ವಿಚಾರಣಾಧಿಕಾರಿ ಹಲ್ಲು ಕಡಿದ. ಆದರೆ ಒಂದು ಲೋಟ ಚಹಾ ಬಗ್ಗಿಸಿಕೊಂಡು ಯೋಚಿಸಿದಷ್ಟೂ ಅವನಿಗೆ ಸಮಾಧಾನವಾಗುತ್ತ ಬಂತು, ಸಮಾಧಾನ ಹೋಗಿ ಖುಷಿಯೂ ಆಯಿತು. ಬರಲಿ. ಬಂದು ಏನು ಹೇಳುತ್ತಾಳೆ? 'ನಾನಲ್ಲ' ಎನ್ನುತ್ತಾಳೆ. ಆ ಬೆಂಚಿನ ಮರವೇ 'ನಾನಲ್ಲ' ಎಂಬ ಮಾತು ಕೇಳಿ ಕೇಳಿ ಸವೆದಿದೆ. ಬೀಗದ ಮನೆಯಲ್ಲಿ ಸದ್ದಿಲ್ಲದೆ ಮುಗಿದುಹೋಗಬೇಕಿದ್ದದ್ದು ಈಗ ಹತ್ತು ಜನರ ಮುಂದೆ, ತನ್ನ ಕಣ್ಣೆದುರೇ ಮುಗಿಯುತ್ತದೆ. ಬೇಕೆಂದೇ ಅವಳನ್ನು ಕಾಯಿಸಿದ. ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ಅದ್ದಿ ತಿಂದ. ಬಾಗಿಲ ಸಂದಿಯಿಂದ ಆಕೆ ಬೆಂಚಿನ ಮೇಲೆ ಒಮ್ಮೆ ಕಾಲು ಬದಲಿಸಿ ಕೂತದ್ದನ್ನು ನೋಡಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡ.

ಕರೆಸಿದಾಗ ಆಕೆ ಮೇಜಿನೆದುರು ನಿಂತಳು. ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಇದ್ದ ಒಂದನ್ನು ಅವನು ಬಹಳ ಹಿಂದೆಯೇ ತೆಗೆಸಿದ್ದ.

"ಹೇಳಿ ಮೇಡಂ. ನಮ್ಮ ಬಡ ಕೋಣೆಗೆ ಬಂದಿದ್ದೀರಿ."

"ಈ ಮೂರು ದಿನಾನೂ ನಾನು ಆ ರಸ್ತೆಗಳಲ್ಲಿ ಹೋಗಿಲ್ಲ."

"ಎಲ್ಲರೂ ಅದನ್ನೇ ಹೇಳ್ತಾರೆ. ನಂಬರ್ ನಿಮ್ಮದೇ ತಾನೇ?"

"ನಂಬರ್ ನನ್ನದೇ."

"ಕಾರಿನ ಬಣ್ಣ?"

"ಅದೂ ನನ್ನದರ ಹಾಗೇ ಇದೆ."

"ಮತ್ತೇನು ಮೇಡಂ ಉಳೀತು? ಕ್ಯಾಮೆರಾಕ್ಕೆ ನಿಮ್ಮ ಮೇಲೆ ದ್ವೇಷ ಇರುತ್ತಾ?" ಅವನು ಬಾಗಿಲಲ್ಲಿ ತುಂಬಿಕೊಂಡಿದ್ದವರ ಕಡೆಗೆ ನೋಡಿ ನಕ್ಕ. ಅವರೂ ನಕ್ಕರು, ತಮ್ಮ ಸರದಿ ಇನ್ನೂ ಬಂದಿರಲಿಲ್ಲವಲ್ಲ.

ಆಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸುಸ್ತಾದ ಧ್ವನಿಯಲ್ಲಿ, ದಿನವೂ ಹತ್ತು ಸಲ ಬರೆಯುವ ಸಾಲನ್ನು ಹೇಳುವವಳ ಹಾಗೆ, "ಪೂರ್ತಿ ಫೋಟೋ ತೋರಿಸಿ. ಯಾರು ಕೇಳಿದ್ರೂ ತೋರಿಸ್ಬೇಕು ಅಂತ ಆದೇಶದಲ್ಲಿ ಬರೆದಿದ್ದೆ," ಎಂದಳು.

"ನೋಡಿದ್ರಾ, ಅಕ್ಕಾನೂ ಅದನ್ನೇ ಕೇಳ್ತಿದ್ದಾರೆ!" ಎಂದು ಬಾಗಿಲಿನಿಂದ ಶವದ ವ್ಯಾನಿನವನು ಕೂಗಿದ.

ಇಲ್ಲ ಎನ್ನಬಹುದಿತ್ತು. ಆದರೆ ಅಂದು ಅವನ ಮನಸ್ಸು ಹೂವಿನಷ್ಟು ಹಗುರವಾಗಿತ್ತು. ಆಕೆಗೆ ತನ್ನ ನಂಬರನ್ನೇ ಹತ್ತು ಪಟ್ಟು ದೊಡ್ಡದಾಗಿ ನೋಡಬೇಕೆಂಬ ಆಸೆಯಿದ್ದರೆ ಬೇಡವೆನ್ನಲು ತಾನ್ಯಾರು? ಒಂದು ಸಲ ಉದಾರಿಯಾದರೆ ವರದಿಯಲ್ಲೂ ಚೆನ್ನಾಗಿ ಕಾಣುತ್ತದೆ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಟೈಪಿಸ್ಟು ತಲೆ ತಿರುಗಿಸಿದಳು.

"ಸರ್, ಪೂರ್ತಿದಾ? ಯಾವತ್ತೂ ತೆಗೆದಿಲ್ಲ..."

"ತೆಗಿಯಮ್ಮಾ. ಆ ಆಸ್ಪತ್ರೆ ರಸ್ತೇದನ್ನೇ ತೆಗಿ. ಗೋಡೆ ಮೇಲಿನ ಪರದೆಗೇ ಹಾಕು. ಮೇಡಂ ಕಣ್ಣು ತುಂಬ ನೋಡ್ಲಿ, ಜನಾನೂ ನೋಡ್ಲಿ."

ಟೋಕನ್ ನಂಬರ್ ತೋರಿಸುವ ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಚಿತ್ರ ಮೊದಲು ತಳದಲ್ಲಿ ಮೂಡಿತು: ಪ್ಲೇಟು, ತುಕ್ಕಿನ ಸ್ಕ್ರೂ, ಬಂಪರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಮೇಲಕ್ಕೆ ಬಿಚ್ಚಿಕೊಳ್ಳುತ್ತಲೇ ಹೋಯಿತು. ಬಾನೆಟ್ಟು, ವೈಪರು, ಎಳೆಬಿಸಿಲು ಬಿದ್ದ ಮುಂಗಾಜು. ಕಂಬದ ಮೇಲಿನ ಕ್ಯಾಮೆರಾ ಎದುರಿನಿಂದ ಬರುವ ಇಡೀ ಕಾರನ್ನೇ ಹಿಡಿಯುತ್ತಿತ್ತು, ಮೊದಲಿನಿಂದಲೂ. ನೋಟಿಸಿಗೆ ಅದರಲ್ಲಿ ನಂಬರಿನಷ್ಟನ್ನೇ ಕತ್ತರಿಸಿ ಹಾಕುತ್ತಿದ್ದರು. ಉಳಿದದ್ದನ್ನು ನೋಡಬೇಕೆಂದವರ ಮಾತನ್ನೆಲ್ಲ ಅವನು ಅರ್ಧಕ್ಕೇ ಮುಗಿಸುತ್ತ ಬಂದಿದ್ದರಿಂದ, ಉಳಿದದ್ದು ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗಾಜಿನ ಹಿಂದೆ ಒಂದು ಮೀಸೆ ಮೂಡಿತು, ಅಗಲಿಸಿದ ಎರಡು ಕಣ್ಣು, ನಡುವೆ ಗೇಣುದ್ದ ಹೊರಗೆ ಚಾಚಿದ ನಾಲಿಗೆ. "ಯಾಕೆ ಸಾಹೇಬ್ರೇ," ಎಂದ ಶವದ ವ್ಯಾನಿನವನು, ಬದುಕಿನಲ್ಲಿ ಮೊದಲ ಸಲ ಮೆಲ್ಲಗೆ, "ಅಷ್ಟೊಂದು ಏನಿತ್ತು ಅವಸರ?" ಮೇಲ್ಮಹಡಿಯಾಕೆ ಪರದೆಯಿಂದ ಕಣ್ಣು ತೆಗೆದು ಇವನತ್ತ ತಿರುಗಿ, "ನಿಮ್ಮದೇನಾದ್ರೂ ಹೇಳೋದಿದ್ರೆ ಹೇಳಿ. ಕೇಳ್ತೀನಿ," ಎಂದಳು. ಗೋಡೆಯ ಮೇಲಿನ ನಾಲಿಗೆ ಹಾಗೇ ಹೊರಗೆ ಚಾಚಿಕೊಂಡಿತ್ತು. ಬಾಯೊಳಗಿನದು ಒಣಗಿ ಅಂಗುಳಿಗೆ ಅಂಟಿಹೋಗಿತ್ತು.